ಗಾಲಿಗಳ ಮೇಲೆ ಒಂದು ಮನೆ: ಜಾನ್ ಸ್ಟೈನ್‌ಬೆಕ್‌ನ ಕಡಲತೀರದ ಯಾತ್ರೆ

ದಾರಿಯಲ್ಲಿರುವವನಿಗೆ ಮನೆಯ ಹಂಬಲ; ಮನೆಯಲ್ಲಿರುವವನಿಗೆ ದಾರಿಯ ಹಂಬಲ. ಈ ಎರಡನ್ನೂ ಒಂದೇ ಸಲ ತಣಿಸಿಕೊಳ್ಳಬೇಕೆಂಬ ಆಸೆಯಿಂದಲೇ ಮನುಷ್ಯ ಮನೆಗೆ ಗಾಲಿ ಕಟ್ಟಿದನೆಂದು ತೋರುತ್ತದೆ. ಅಮೆರಿಕದ ಜನಕ್ಕಂತೂ ಇದು ಹುಟ್ಟಿನೊಡನೆ ಬಂದ ಗುಣ. ಕ್ಯಾನ್ವಾಸಿನ ಕಮಾನು ಹೊದಿಸಿದ ಗಾಡಿಗಳಲ್ಲಿ ಮಕ್ಕಳುಮರಿ, ಪಾತ್ರೆಪಡಗ ತುಂಬಿಕೊಂಡು ಪಶ್ಚಿಮದತ್ತ ನಡೆದ ಜನರ ಸಂತತಿ ಅದು. ಮೋಟಾರು ಬಂದ ಮೇಲೆ ಆ ಗಾಡಿಯೇ ಟ್ರೇಲರ್ ಆಯಿತು: ಕಾರಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯಬಹುದಾದ ಮನೆ, ಹಾಸಿಗೆ, ಒಲೆ, ನೀರಿನ ತೊಟ್ಟಿ ಸಮೇತವಾಗಿ ಕಡಲ ದಂಡೆಯಲ್ಲೋ ಕಾಡಿನ ಅಂಚಿನಲ್ಲೋ ಒಂದು ರಾತ್ರಿಗೆ ನೆಲೆ ನಿಂತು, ಬೆಳಗಾದೊಡನೆ ಕಾಲು ಕೀಳುವ ಮನೆ.

ಇಂಥದೊಂದು ಮನೆಯಲ್ಲಿ ಕುಳಿತು ತನ್ನ ದೇಶವನ್ನು ಮತ್ತೊಮ್ಮೆ ಕಾಣಲು ಹೊರಟ ಬರೆಹಗಾರರಲ್ಲಿ ಜಾನ್ ಸ್ಟೈನ್‌ಬೆಕ್‌ನಷ್ಟು ಪ್ರಸಿದ್ಧನಾದವನು ಬೇರೊಬ್ಬನಿಲ್ಲ. 1960ರ ಸೆಪ್ಟೆಂಬರ್ 23ರಂದು, ತನ್ನ ಐವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಮುದಿ ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆತ ಅಟ್ಲಾಂಟಿಕ್ ಸಾಗರದ ದಂಡೆಯಿಂದ ಹೊರಟ. ಪೆಸಿಫಿಕ್ ಸಾಗರದ ದಂಡೆಯನ್ನು ಮುಟ್ಟಿ ಮರಳಿ ಬಂದ. ಆ ಯಾತ್ರೆಯ ವೃತ್ತಾಂತವಾದ ‘ಟ್ರಾವೆಲ್ಸ್ ವಿತ್ ಚಾರ್ಲಿ’ ಎಂಬ ಪುಸ್ತಕ 1962ರಲ್ಲಿ ಹೊರಬಂದು ಲೋಕಪ್ರಿಯವಾಯಿತು. ಐವತ್ತು ವರ್ಷಗಳ ತರುವಾಯ ಆ ವೃತ್ತಾಂತದ ಸತ್ಯಾಸತ್ಯತೆಯ ಪ್ರಶ್ನೆ ಎದ್ದಿತು. ಪ್ರವಾಸ ಸಾಹಿತ್ಯವನ್ನು ಓದುವವರೂ ಓದಿಸುವವರೂ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರ ಕಾಣಬೇಕಾದರೆ ಆತನ ಬಾಳಿನುದ್ದಕ್ಕೂ ಕಡಲು ಮತ್ತು ದಾರಿಗಳ ಎಳೆ ಹೇಗೆ ಹಾಯ್ದುಬಂದಿತೆಂಬುದನ್ನು ಮೊದಲು ನೋಡಬೇಕು.

ಕಣಿವೆ ಮತ್ತು ಕಡಲು

ಸ್ಟೈನ್‌ಬೆಕ್ ಹುಟ್ಟಿದ್ದು 1902ರ ಫೆಬ್ರವರಿ 27ರಂದು, ಕ್ಯಾಲಿಫೋರ್ನಿಯದ ಸಲಿನಾಸ್ ಎಂಬ ಊರಿನಲ್ಲಿ. ಊರಿನ ಸುತ್ತ ಫಲವತ್ತಾದ ಕಣಿವೆ. ಕೆಲವೇ ಮೈಲಿಗಳ ಆಚೆ ಮಾಂಟೆರೇ ಕೊಲ್ಲಿ. ತಾಯಿ ಆಲಿವ್ ಹ್ಯಾಮಿಲ್ಟನ್ ಮದುವೆಗೆ ಮುಂಚೆ ಶಾಲಾ ಉಪಾಧ್ಯಾಯಿನಿಯಾಗಿದ್ದವಳು. ತಂದೆ ಮುಂದೆ ಆ ಜಿಲ್ಲೆಯ ಖಜಾಂಚಿಯಾದವನು. ಮೂವರು ಸೋದರಿಯರ ನಡುವೆ ಇವನೊಬ್ಬನೇ ಗಂಡುಮಗ. ಕೊಲ್ಲಿಯ ದಂಡೆಯ ಪೆಸಿಫಿಕ್ ಗ್ರೋವ್ ಎಂಬಲ್ಲಿ ಮನೆಯವರಿಗೆ ಒಂದು ಚಿಕ್ಕ ಕುಟೀರವಿತ್ತು. ಬೇಸಿಗೆ ಬಂತೆಂದರೆ ಕಣಿವೆಯ ಧೂಳು ಬಿಟ್ಟು ಎಲ್ಲರೂ ಅಲ್ಲಿಗೆ ಹೋಗುವರು. ಬಂಡೆಗಳ ನಡುವೆ ಇಳಿತದ ನೀರು ಬಿಟ್ಟುಹೋದ ಹೊಂಡಗಳು, ಅವುಗಳಲ್ಲಿ ಮಿಸುಕುವ ಏಡಿ, ನಕ್ಷತ್ರಮೀನು, ಕಡಲ ಹೂಗಳು — ಹುಡುಗನ ಮೊದಲ ಪಾಠಶಾಲೆ ಅದು. ಒಂಬತ್ತನೆಯ ವಯಸ್ಸಿನಲ್ಲಿ ಚಿಕ್ಕಮ್ಮನೊಬ್ಬಳು ಆರ್ಥರ್ ಅರಸನ ವೀರಕಥೆಗಳ ಪುಸ್ತಕವನ್ನು ಉಡುಗೊರೆಯಾಗಿ ಕೊಟ್ಟಳು. ಏನನ್ನೋ ಅರಸಿಕೊಂಡು ಕುದುರೆಯೇರಿ ದೂರ ಹೊರಡುವ ವೀರರ ಚಿತ್ರ ಅಂದಿನಿಂದ ಆತನ ಮನಸ್ಸಿನಲ್ಲಿ ನೆಲಸಿಬಿಟ್ಟಿತು.

1919ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿದ. ಆರು ವರ್ಷ ಹೋಗುತ್ತ ಬಿಡುತ್ತ ಇದ್ದು, ತನಗೆ ಬೇಕಾದ ಪಾಠಗಳನ್ನಷ್ಟೇ ಕೇಳಿ, ಪದವಿಯಿಲ್ಲದೆಯೇ ಹೊರಬಿದ್ದ. ನಡುನಡುವೆ ಹೊಲಗಳಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ ಕೂಲಿ ಮಾಡಿದ. 1925ರಲ್ಲಿ ಸರಕಿನ ಹಡಗೊಂದನ್ನೇರಿ ಪನಾಮಾ ಕಾಲುವೆಯ ಮಾರ್ಗವಾಗಿ ನ್ಯೂಯಾರ್ಕಿಗೆ ಹೋದ, ಕಟ್ಟಡದ ಕೆಲಸದಲ್ಲಿ ಕೂಲಿಯಾದ, ಪತ್ರಿಕೆಯ ವರದಿಗಾರನಾದ, ಎರಡೂ ಒಗ್ಗದೆ ತವರಿಗೆ ಮರಳಿದ. ಮೊದಲ ಕಾದಂಬರಿ ‘ಕಪ್ ಆಫ್ ಗೋಲ್ಡ್’ 1929ರಲ್ಲಿ ಪ್ರಕಟವಾಯಿತು. ಅಮೆರಿಕದ ಹಣದ ಮಾರುಕಟ್ಟೆ ಕುಸಿದುಬಿದ್ದ ವರ್ಷವೇ ಅದು, ಪುಸ್ತಕವನ್ನು ಕೇಳಿದವರಿಲ್ಲ.

1930ರಲ್ಲಿ ಕ್ಯಾರಲ್ ಹೆನ್ನಿಂಗ್ ಎಂಬವಳನ್ನು ಮದುವೆಯಾಗಿ ಪೆಸಿಫಿಕ್ ಗ್ರೋವ್‌ನ ಕುಟೀರದಲ್ಲೇ ಸಂಸಾರ ಹೂಡಿದ. ಮನೆಗೆ ಬಾಡಿಗೆಯಿಲ್ಲ, ತಂದೆಯಿಂದ ತಿಂಗಳಿಗೆ ಇಪ್ಪತ್ತೈದು ಡಾಲರ್, ಹಿತ್ತಲಿನಲ್ಲಿ ತರಕಾರಿ, ಕೊಲ್ಲಿಯಲ್ಲಿ ಮೀನು. ದೇಶವೆಲ್ಲ ಬಡತನದಲ್ಲಿ ತತ್ತರಿಸುತ್ತಿದ್ದಾಗ ಕಡಲು ಈ ದಂಪತಿಗಳ ಹೊಟ್ಟೆ ಹೊರೆಯಿತು. ಆತ ಬರೆದುದನ್ನು ಕ್ಯಾರಲ್ ಬೆರಳಚ್ಚು ಮಾಡುವಳು, ತಿದ್ದುವಳು, ಟೀಕಿಸುವಳು. ಅದೇ ವರ್ಷ ಎಡ್ ರಿಕೆಟ್ಸ್‌ನ ಪರಿಚಯವೂ ಆಯಿತು.

ಮಾಂಟೆರೇ ಬಂದರಿನ ಮೀನು ಡಬ್ಬಿ ಕಾರ್ಖಾನೆಗಳ ಬೀದಿಯಲ್ಲಿ ರಿಕೆಟ್ಸ್‌ನ ಪ್ರಯೋಗಶಾಲೆಯಿತ್ತು. ಕಡಲಂಚಿನ ಪ್ರಾಣಿಗಳನ್ನು ಸಂಗ್ರಹಿಸಿ, ಕೆಡದಂತೆ ಅಣಿಮಾಡಿ ಶಾಲೆ ಕಾಲೇಜುಗಳಿಗೆ ಕಳುಹಿಸುವುದು ಅವನ ಕಸುಬು. ಪದವಿಯಿಲ್ಲದ ವಿದ್ವಾಂಸ, ಸಂಗೀತ, ತತ್ತ್ವಜ್ಞಾನ, ಕಾವ್ಯ ಎಲ್ಲದರಲ್ಲೂ ಆಸಕ್ತಿ. ಒಂದು ಜೀವಿಯನ್ನು ಅದರ ನೆರೆಹೊರೆಯಿಂದ ಬಿಡಿಸಿ ನೋಡಬಾರದು. ಬಂಡೆ, ಅಲೆ, ಉಬ್ಬರವಿಳಿತ ಮತ್ತು ಇತರ ಜೀವಿಗಳೊಡನೆ ಅದಕ್ಕಿರುವ ನಂಟಿನಲ್ಲೇ ಅದನ್ನು ಅರಿಯಬೇಕು ಎಂಬುದು ಅವನ ನಿಲುವು. ಹೀಗಾಗಬೇಕಿತ್ತು, ಹಾಗಾಗಬೇಕಿತ್ತು ಎನ್ನುವ ಬದಲು, ಇರುವುದನ್ನು ಇರುವಂತೆಯೇ ಕಾಣಬೇಕೆಂಬ ಹಟ ಅವನದು. ಗೆಳೆಯನಾದ ಕಾದಂಬರಿಕಾರ ಈ ದೃಷ್ಟಿಯನ್ನು ಹೊಂಡದ ಏಡಿಗಳಿಂದ ಬೀದಿಯ ಮನುಷ್ಯರಿಗೆ ಹಾಯಿಸಿದ. ‘ಟಾರ್ಟಿಲ್ಲಾ ಫ್ಲ್ಯಾಟ್’ (1935), ‘ಆಫ್ ಮೈಸ್ ಅಂಡ್ ಮೆನ್’ (1937) ಮೊದಲಾದ ಕೃತಿಗಳ ಹಿಂದೆ ಈ ಕಡಲತೀರದ ಗುರುಕುಲವಿದೆ.

ಮೊದಲ ಗಾಡಿ

ಸ್ಟೈನ್‌ಬೆಕ್ ಮೊದಲ ಸಲ ಗಾಲಿಮನೆಯನ್ನೇರಿದ್ದು 1960ರಲ್ಲಲ್ಲ, 1936ರಲ್ಲಿ. ಆ ವೇಳೆಗೆ ಓಕ್ಲಹೋಮ ಮುಂತಾದ ಸೀಮೆಗಳಲ್ಲಿ ವರ್ಷಗಟ್ಟಲೆ ಮಳೆಯಿಲ್ಲದೆ, ಉತ್ತ ಮಣ್ಣೆಲ್ಲ ಧೂಳಾಗಿ ಮುಗಿಲಿಗೇರಿತ್ತು. ಸಾಲ ತೀರಿಸಲಾರದ ರೈತರನ್ನು ಹೊಲಗಳಿಂದ ಎಬ್ಬಿಸಿದರು. ಲಕ್ಷಾಂತರ ಜನ ಗುಳೆ ಎದ್ದು, ಹಳೆಯ ಕಾರುಗಳ ಮೇಲೆ ಹಾಸಿಗೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಕ್ಕೆ ಬಂದರು. ಅಲ್ಲಿ ತೋಟಗಳೇನೋ ಇದ್ದವು. ಆದರೆ ಒಂದು ಕೆಲಸಕ್ಕೆ ಹತ್ತು ಕೈಗಳು. ಕೂಲಿ ಇಳಿಯಿತು, ಕಾಲುವೆಯ ಏರಿಗಳ ಮೇಲೆ ರಟ್ಟು, ತಗಡು, ಗೋಣಿಗಳ ಗುಡಿಸಲುಗಳೆದ್ದವು.

ಈ ಜನರ ಸ್ಥಿತಿಯನ್ನು ಕಂಡು ಬರೆಯಲು ‘ಸ್ಯಾನ್ ಫ್ರಾನ್ಸಿಸ್ಕೋ ನ್ಯೂಸ್’ ಪತ್ರಿಕೆ ಸ್ಟೈನ್‌ಬೆಕ್‌ನನ್ನು ಕೇಳಿಕೊಂಡಿತು. ಬ್ರೆಡ್ಡು ಮಾರುವ ಹಳೆಯ ವ್ಯಾನೊಂದನ್ನು ಕೊಂಡು, ಮಲಗಲು ಅಣಿಮಾಡಿಕೊಂಡು ಆತ ಹೊರಟ. ಒಳ್ಳೆಯ ಕಾರಿನಲ್ಲಿ ಬಂದಿಳಿದವನ ಮುಂದೆ ಈ ಜನ ಬಾಯಿ ಬಿಡುವಂತಿರಲಿಲ್ಲ. ಮಾಸಿದ ವ್ಯಾನಿನಲ್ಲಿ ಮಲಗೇಳುವವನು ಅವರ ನಡುವೆ ಎದ್ದು ಕಾಣಲಿಲ್ಲ. ಆರ್ವಿನ್ ಎಂಬಲ್ಲಿ ಸರ್ಕಾರ ನಡೆಸುತ್ತಿದ್ದ ಶಿಬಿರದ ಮೇಲ್ವಿಚಾರಕ ಟಾಮ್ ಕಾಲಿನ್ಸ್ ಆತನಿಗೆ ಮಾರ್ಗದರ್ಶಕನಾದ. ಶಿಬಿರದ ಜನರ ಊಟ, ಕಾಯಿಲೆ, ಮಾತಿನ ರೀತಿ, ಹಾಡು, ಜಗಳ ಎಲ್ಲವನ್ನೂ ವರದಿಗಳಲ್ಲಿ ದಾಖಲಿಸಿದ್ದ ಆ ಅಧಿಕಾರಿ, ತನ್ನ ಕಾಗದಪತ್ರಗಳನ್ನು ಲೇಖಕನ ಮುಂದೆ ತೆರೆದಿಟ್ಟ. ಆ ವರ್ಷದ ಅಕ್ಟೋಬರಿನಲ್ಲಿ ಏಳು ಲೇಖನಗಳು ಪ್ರಕಟವಾದವು. 1938ರ ಮೊದಲ ತಿಂಗಳುಗಳಲ್ಲಿ ವೈಸೇಲಿಯಾ ಪ್ರದೇಶದಲ್ಲಿ ನೆರೆ ಬಂದು ಗುಡಿಸಲುಗಳು ಮುಳುಗಿದಾಗ ಆತ ಮತ್ತೆ ಹೋಗಿ, ಕೆಸರಿನಲ್ಲಿ ನಿಂತು ಕೆಲಸ ಮಾಡಿದ.

ಅಲ್ಲಿ ಕಂಡ ಹಸಿವೇ ‘ದಿ ಗ್ರೇಪ್ಸ್ ಆಫ್ ರಾತ್’ ಆಯಿತು. 1938ರ ಬೇಸಿಗೆಯಿಂದ ಅಕ್ಟೋಬರ್‌ವರೆಗೆ ಕೆಲವೇ ತಿಂಗಳುಗಳಲ್ಲಿ ಬರೆದು ಮುಗಿಸಿದ ಆ ಕಾದಂಬರಿ 1939ರ ಏಪ್ರಿಲ್ 14ರಂದು ಹೊರಬಂದು, ಮೊದಲ ವರ್ಷದಲ್ಲೇ ನಾಲ್ಕು ಲಕ್ಷಕ್ಕೂ ಮೀರಿ ಮಾರಾಟವಾಯಿತು. 1940ರಲ್ಲಿ ಪುಲಿಟ್ಜರ್ ಬಹುಮಾನ ಪಡೆಯಿತು. ಕೃತಿಯ ಅರ್ಪಣೆ ಇಬ್ಬರಿಗೆ: ಕ್ಯಾರಲ್ ಮತ್ತು ಟಾಮ್. ಕಥೆ ನಡೆಯುವ ಕರ್ನ್ ಜಿಲ್ಲೆಯ ಗ್ರಂಥಾಲಯಗಳಲ್ಲಿ ಅದಕ್ಕೆ ಬಹಿಷ್ಕಾರ ಬಿತ್ತು. ಅದರ ಪ್ರತಿಯನ್ನು ಬೀದಿಯಲ್ಲಿ ಸುಟ್ಟದ್ದೂ ಉಂಟು. ದೊಡ್ಡ ಹಿಡುವಳಿದಾರರು ಅದನ್ನು ಸುಳ್ಳಿನ ಕಂತೆಯೆಂದು ಕರೆದರು. ಆದರೆ ಆ ಶಿಬಿರಗಳ ಸ್ಥಿತಿ ಆತ ಬರೆದಂತೆಯೇ ಇತ್ತೆಂಬುದಕ್ಕೆ ಸರ್ಕಾರಿ ವರದಿಗಳೂ ಛಾಯಾಚಿತ್ರಗಳೂ ಸಾಕ್ಷಿಯಾಗಿ ನಿಂತವು. ಆ ಹಳೆಯ ವ್ಯಾನಿನಿಂದ ಕಂಡ ಸತ್ಯವನ್ನು ಯಾರೂ ಅಲುಗಿಸಲಾಗಲಿಲ್ಲ.

ದೋಣಿ

ಕೀರ್ತಿಯ ಜೊತೆಗೆ ಹಗೆಯೂ ಬೆನ್ನುಹತ್ತಿದಾಗ ಆತ ಮೊರೆಹೊಕ್ಕದ್ದು ಕಡಲನ್ನೇ. 1940ರ ಮಾರ್ಚ್ 11ರಂದು ‘ವೆಸ್ಟರ್ನ್ ಫ್ಲೈಯರ್’ ಎಂಬ ಮೀನು ದೋಣಿಯನ್ನು ಬಾಡಿಗೆಗೆ ಹಿಡಿದು ರಿಕೆಟ್ಸ್‌ನೊಡನೆ ಮಾಂಟೆರೇಯಿಂದ ಹೊರಟ. ಸುಮಾರು ಆರು ವಾರ, ನಾಲ್ಕು ಸಾವಿರ ಮೈಲಿ. ಮೆಕ್ಸಿಕೋ ದೇಶದ ಕ್ಯಾಲಿಫೋರ್ನಿಯ ಕೊಲ್ಲಿಯ ದಂಡೆದಂಡೆಗೂ ಇಳಿದು ಪ್ರಾಣಿಗಳನ್ನು ಆಯ್ದರು. ಇದರ ಫಲ 1941ರ ‘ಸೀ ಆಫ್ ಕಾರ್ಟೆಜ್’. ಗೆಳೆಯರಿಬ್ಬರ ಹೆಸರಿನಲ್ಲೂ ಬಂದ ಆ ಗ್ರಂಥದ ಪ್ರವಾಸ ಕಥನಕ್ಕೆ ರಿಕೆಟ್ಸ್‌ನ ದಿನಚರಿ ಆಧಾರ.

ಆ ಗ್ರಂಥದಲ್ಲಿ ದೋಣಿಯ ಮೇಲಿದ್ದವರ ಚಿತ್ರಗಳಿವೆ. ಒಬ್ಬಳದು ಮಾತ್ರ ಇಲ್ಲ. ಕ್ಯಾರಲ್ ಆ ಯಾನದುದ್ದಕ್ಕೂ ಜೊತೆಗಿದ್ದಳು. ಕಥನದಲ್ಲಿ ಅವಳಿಗೆ ಎಡೆಯೇ ಇಲ್ಲ. ದಾಂಪತ್ಯ ಆ ವೇಳೆಗಾಗಲೇ ಬಿರುಕು ಬಿಟ್ಟಿತ್ತು; 1943ರಲ್ಲಿ ಮುರಿಯಿತು. ಅದೇ ವರ್ಷ ಗ್ವಿನ್ ಕಾಂಗರ್‌ಳನ್ನು ಮದುವೆಯಾದ; ಇಬ್ಬರು ಗಂಡುಮಕ್ಕಳಾದರು. ಯುದ್ಧರಂಗದ ವರದಿಗಾರನಾಗಿ ಯುರೋಪಿಗೆ ಹೋಗಿಬಂದ. 1945ರಲ್ಲಿ ‘ಕ್ಯಾನರಿ ರೋ’ ಪ್ರಕಟವಾಯಿತು. ಮೀನು ಕಾರ್ಖಾನೆಗಳ ಬೀದಿ, ಅಲ್ಲಿನ ಪೋಕರಿಗಳು, ಬಡವರು, ಅವರೆಲ್ಲರಿಗೂ ಆಪ್ತನಾದ ‘ಡಾಕ್’ — ಈ ಡಾಕ್ ರಿಕೆಟ್ಸ್‌ನೇ. ಆದರೆ ಆ ಹೊತ್ತಿಗೆ ಮಾಂಟೆರೇಯಲ್ಲಿ ಮನೆ ಕೊಂಡು ನೆಲಸಲು ಬಂದ ಲೇಖಕನನ್ನು ಊರು ಪ್ರೀತಿಯಿಂದ ಬರಮಾಡಿಕೊಳ್ಳಲಿಲ್ಲ. ಆತ ನೊಂದು ನ್ಯೂಯಾರ್ಕಿಗೆ ಹಿಂದಿರುಗಿದ.

1948ರ ಮೇ ತಿಂಗಳಿನಲ್ಲಿ, ಮಾಂಟೆರೇಯ ರೈಲು ದಾಟಿನಲ್ಲಿ ರಿಕೆಟ್ಸ್‌ನ ಕಾರಿಗೆ ರೈಲು ಬಡಿಯಿತು. ಮೂರು ದಿನಗಳಲ್ಲಿ ಅವನು ತೀರಿಕೊಂಡ. ಅದೇ ವರ್ಷ ಗ್ವಿನ್ ವಿಚ್ಛೇದನ ಪಡೆದಳು. ಕೊಲ್ಲಿಯ ಸಾರ್ಡೀನ್ ಮೀನುಗಳೂ ಆ ವೇಳೆಗೆ ಕಾಣದಾಗಿ, ಕಾರ್ಖಾನೆಗಳು ಒಂದೊಂದಾಗಿ ಮುಚ್ಚತೊಡಗಿದ್ದವು. ಕಡಲು ಅಲ್ಲಿಯೇ ಇತ್ತು. ಆತನ ಕಡಲತೀರ ಇಲ್ಲವಾಯಿತು.

ರೋಸಿನಾಂಟೆ

1950ರ ಡಿಸೆಂಬರಿನಲ್ಲಿ ಎಲೇನ್ ಸ್ಕಾಟ್‌ಳನ್ನು ಕೈಹಿಡಿದ ಮೇಲೆ ಆತನಿಗೆ ನೆಮ್ಮದಿ ದೊರಕಿತು. 1952ರಲ್ಲಿ ಸಲಿನಾಸ್ ಕಣಿವೆಯ ಮಹಾಕಥನವಾದ ‘ಈಸ್ಟ್ ಆಫ್ ಈಡನ್’ ಬಂತು. 1955ರಲ್ಲಿ ಲಾಂಗ್ ಐಲೆಂಡಿನ ಸ್ಯಾಗ್ ಹಾರ್ಬರ್‌ನಲ್ಲಿ, ನೀರಿನ ಅಂಚಿಗೇ ಮನೆ ಕೊಂಡ. ಪೆಸಿಫಿಕ್ ದಂಡೆಯ ಮಗ ಅಟ್ಲಾಂಟಿಕ್ ದಂಡೆಯ ಒಕ್ಕಲಾದ. ಆದರೆ ಬರೆಹದ ಕಸು ತಗ್ಗಿತೆಂಬ ಮಾತು ವಿಮರ್ಶಕರಿಂದ ಮತ್ತೆಮತ್ತೆ ಕೇಳಿಬಂತು. 1959ರ ಕೊನೆಯಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ. ವೈದ್ಯರು ಎಚ್ಚರದಿಂದಿರಬೇಕೆಂದರು. ಮೆಲ್ಲಗೆ ನಡೆ, ಮೆಲ್ಲಗೆ ಉಣ್ಣು, ಮೆಲ್ಲಗೆ ಬದುಕು ಎಂಬ ವಿಧಿಗೆ ತಲೆಬಾಗುವ ಜಾಯಮಾನ ಅವನದಲ್ಲ. ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ತನ್ನ ದೇಶವನ್ನು ಹತ್ತಿರದಿಂದ ಕಾಣದೆಯೇ ಅದರ ಬಗ್ಗೆ ಬರೆಯುತ್ತಿದ್ದೇನೆಂಬ ಅಳುಕೂ ಒಳಗೆ ಕೊರೆಯುತ್ತಿತ್ತು. ಹೀಗೆ ಯಾತ್ರೆಯ ಸಂಕಲ್ಪ ಮೂಡಿತು.

ವಾಹನದ ಆಯ್ಕೆಯಲ್ಲಿ ಆತ ತುಂಬ ಯೋಚಿಸಿದ. ಕಾರಿನ ಹಿಂದೆ ಕಟ್ಟುವ ಟ್ರೇಲರ್ ಬೇಡವೆಂದ: ಬೆಟ್ಟದ ತಿರುವುಗಳಲ್ಲಿ ಅದನ್ನು ತಿರುಗಿಸುವುದು ಕಷ್ಟ, ಕಂಡಕಂಡಲ್ಲಿ ನಿಲ್ಲಿಸಲು ಕಾನೂನಿನ ಅಡ್ಡಿ. ಜನರಲ್ ಮೋಟಾರ್ಸ್ ಕಂಪನಿಯಿಂದ ಗಟ್ಟಿಯಾದ ಮುಕ್ಕಾಲು ಟನ್ ಪಿಕಪ್ ಟ್ರಕ್ಕನ್ನು ತರಿಸಿ, ಅದರ ಬೆನ್ನ ಮೇಲೆ ದೋಣಿಯ ಕೋಣೆಯಂಥ ಮನೆಯನ್ನು ಕೂರಿಸಿದ. ಒಳಗೆ ಇಬ್ಬರು ಮಲಗುವ ಹಾಸಿಗೆ, ನಾಲ್ಕು ಉರಿಯ ಒಲೆ, ಅನಿಲದಿಂದ ನಡೆಯುವ ಶೀತಕ ಪೆಟ್ಟಿಗೆ ಮತ್ತು ದೀಪ, ಸೊಳ್ಳೆ ಬಾರದ ಕಿಟಕಿಗಳು, ಹೊರೆಗಟ್ಟಲೆ ಪುಸ್ತಕ. ಬಂದೂಕುಗಳನ್ನೂ ಗಾಳಗಳನ್ನೂ ಇಟ್ಟುಕೊಂಡ. ಬೇಟೆಗೋ ಮೀನಿಗೋ ಹೊರಟವನನ್ನು ಯಾರೂ ಏಕೆ, ಎಲ್ಲಿಗೆ ಎಂದು ಕೆದಕುವುದಿಲ್ಲ. ತನ್ನ ಯಾತ್ರೆಯನ್ನು ಹುಚ್ಚಾಟವೆಂದು ಗೆಳೆಯರು ಆಡಿಕೊಳ್ಳುವರೆಂಬುದು ಗೊತ್ತಿದ್ದುದರಿಂದ, ಗಾಡಿಗೆ ಡಾನ್ ಕ್ವಿಕ್ಸಟ್‌ನ ಬಡಕಲು ಕುದುರೆಯ ಹೆಸರನ್ನೇ ಇಟ್ಟ: ರೋಸಿನಾಂಟೆ. ಬಾಲ್ಯದ ವೀರಕಥೆ ಮುಪ್ಪಿನಲ್ಲಿ ಹಾಸ್ಯದ ವೇಷ ತೊಟ್ಟು ಬಂದಂತಾಯಿತು. ಜೊತೆಗಾರ ಚಾರ್ಲಿ, ಫ್ರಾನ್ಸಿನಲ್ಲಿ ಹುಟ್ಟಿದ ಹತ್ತು ವರ್ಷದ ಪೂಡಲ್ ನಾಯಿ. ಹೊರಡುವ ಮುನ್ನ, ಸೆಪ್ಟೆಂಬರ್ 12ರಂದು, ಡಾನಾ ಎಂಬ ಚಂಡಮಾರುತ ಆ ದಂಡೆಗೆ ಅಪ್ಪಳಿಸಿತು. ಹೃದಯ ದುರ್ಬಲವಾಗಿದ್ದ ಆ ಮನುಷ್ಯ ಅಲೆಗಳಿಗೆ ಧುಮುಕಿ ತನ್ನ ದೋಣಿಯನ್ನು ಉಳಿಸಿಕೊಂಡ.

ದಂಡೆಯಿಂದ ದಂಡೆಗೆ

ಯಾತ್ರೆ ಮೊದಲು ಈಶಾನ್ಯಕ್ಕೆ, ಮೇಯ್ನ್ ರಾಜ್ಯದ ಕಡಲಂಚಿಗೆ ಸಾಗಿತು. ಅಲ್ಲಿ ನೆಲವೂ ನೀರೂ ಒಂದರೊಳಗೊಂದು ಬೆರಳು ಹೆಣೆದುಕೊಂಡಂತೆ ಕೊಲ್ಲಿಗಳು, ದ್ವೀಪಗಳು. ಡೀರ್ ಐಲ್ ದ್ವೀಪದ ಸ್ಟೋನಿಂಗ್‌ಟನ್ ಬಂದರು, ಅಲ್ಲಿನ ಲಾಬ್‌ಸ್ಟರ್ ಹಿಡಿಯುವವರ ದೋಣಿಗಳು, ಮಿತಭಾಷಿಗಳಾದ ಜನ ಆತನ ಮನಸ್ಸನ್ನು ಸೆಳೆದವು. ದಾರಿಯುದ್ದಕ್ಕೂ ಊರುಗಳ ಹೊರವಲಯದಲ್ಲಿ ಸಾಲುಸಾಲಾಗಿ ನಿಂತ ಗಾಲಿಮನೆಗಳನ್ನು ಕಂಡ. ವಿನೋದಕ್ಕೆ ಹೊರಟವರ ಗಾಡಿಗಳಲ್ಲ ಅವು. ಹುಟ್ಟು, ಬಾಳುವೆ, ಮುಪ್ಪು ಎಲ್ಲವೂ ಅಲ್ಲೇ ನಡೆಯುವ ಸಂಸಾರಗಳು. ಕೆಲಸ ಹೋದರೆ ಮನೆಯನ್ನೇ ಎಳೆದುಕೊಂಡು ಬೇರೆ ಊರಿಗೆ ಹೋಗುವರು. ಬೇರಿಲ್ಲದ ಬಾಳು ಬಾಳೇ ಎಂಬ ಪ್ರಶ್ನೆ ಆತನನ್ನು ಕಾಡಿತು. ಬೇರೂರಿ ನಿಂತವರು ಹಳೆಯ ದೇಶಗಳಲ್ಲೇ ಉಳಿದರು, ನೆಲೆ ನಿಲ್ಲಲಾರದವರು ಅಮೆರಿಕಕ್ಕೆ ಬಂದರು, ಅಂಥವರ ಮಕ್ಕಳು ಅಲೆಯುವುದು ಸಹಜವೇ ಎಂಬ ಸಮಾಧಾನವನ್ನೂ ತಾನೇ ಹೇಳಿಕೊಂಡ. 1936ರಲ್ಲಿ ಹಸಿವು ಅಟ್ಟಿದ ಗಾಡಿಗಳನ್ನು ಕಂಡಿದ್ದವನು ಇಲ್ಲಿ, ಸಂಬಳವುಳ್ಳ ಜನರೂ ಬಯಸಿ ಗಾಲಿಯ ಮೇಲೆ ನೆಲಸಿದ್ದನ್ನು ಕಂಡು ಬೆರಗಾದ.

ನಯಾಗರ, ಶಿಕಾಗೋ, ಉತ್ತರದ ಬಯಲುಗಳನ್ನು ದಾಟಿ, ಮೊಂಟಾನಾ ರಾಜ್ಯವನ್ನು ಕಂಡು ಮೋಹಗೊಂಡು, ಅಕ್ಟೋಬರಿನಲ್ಲಿ ಸಿಯಾಟಲ್ ನಗರವನ್ನು ಮುಟ್ಟಿದ. ಹಿಂದೆ ಕಂಡಿದ್ದ ಹಸಿರು ಬೆಟ್ಟಗಳ ಊರು ರಸ್ತೆಗಳ, ಕಾರ್ಖಾನೆಗಳ ಗೋಜಲಾಗಿತ್ತು. ಅಲ್ಲಿಂದ ದಕ್ಷಿಣಕ್ಕೆ, ಪೆಸಿಫಿಕ್ ದಂಡೆಯ ಹೆದ್ದಾರಿ. ಆರೆಗಾನ್ ರಾಜ್ಯದಲ್ಲಿ ಸುರಿಯುವ ಮಳೆಯ ಭಾನುವಾರ ಟೈರು ಸಿಡಿದು, ಕೆಸರಿನಲ್ಲಿ ಅಂಗಾತ ಮಲಗಿ ಚಕ್ರ ಬದಲಿಸಬೇಕಾಯಿತು. ಹೊರೆ ಹೆಚ್ಚಾಗಿದ್ದ ಗಾಡಿಗೆ ತಕ್ಕ ಟೈರನ್ನು ಆ ರಜೆಯ ದಿನವೂ ಹುಡುಕಿಸಿಕೊಟ್ಟ ಅಪರಿಚಿತನೊಬ್ಬನ ಸೌಜನ್ಯವನ್ನು ಆತ ಕೃತಜ್ಞತೆಯಿಂದ ಬರೆದಿದ್ದಾನೆ. ಮುಂದೆ ರೆಡ್‌ವುಡ್ ಮರಗಳ ವನ. ಮುನ್ನೂರು ಅಡಿಗೂ ಮಿಕ್ಕಿ ಬೆಳೆವ, ಎರಡು ಸಾವಿರ ವರ್ಷ ಬಾಳಬಲ್ಲ ವೃಕ್ಷಗಳು. ಕಡಲಿನಿಂದೇರಿ ಬರುವ ಮಂಜೇ ಅವುಗಳ ಬೇಸಿಗೆಯ ನೀರು. ಈ ಮಹಾವೃಕ್ಷಗಳನ್ನು ಕಂಡು ಚಾರ್ಲಿ ಪುಲಕಗೊಳ್ಳುವುದೆಂದು ಒಡೆಯ ಆಶಿಸಿದರೆ, ಅದು ತಿರುಗಿಯೂ ನೋಡಲಿಲ್ಲ. ನಾಯಿಯ ಮೂಗಿನ ಎತ್ತರದಲ್ಲಿ ಒಂದೆಲೆಯೂ ಇಲ್ಲದ ಅದನ್ನು ಮರವೆಂದು ಅದು ಹೇಗೆ ತಿಳಿದೀತು?

ಮಾಂಟೆರೇಯಲ್ಲಿ ಕಥೆ ಬೇರೆ ಬಣ್ಣ ತಾಳುತ್ತದೆ. ಕೆನಡಿ ಮತ್ತು ನಿಕ್ಸನ್‌ರ ನಡುವಣ ಚುನಾವಣೆಯ ದಿನಗಳು ಅವು. ಸೋದರಿಯರು ರಿಪಬ್ಲಿಕನ್ನರು, ಈತ ಕೆನಡಿಯ ಕಡೆ. ಮನೆಯಲ್ಲಿ ಮಕ್ಕಳಂತೆ ಕಚ್ಚಾಡಿದರು. ಹಳೆಯ ಪಡಖಾನೆಯಲ್ಲಿ ಉಳಿದ ಗೆಳೆಯರು ಇಲ್ಲೇ ಇದ್ದುಬಿಡು ಎಂದು ಹಿಡಿದುಕೊಂಡರೆ, ಆತ ತೀರಿಹೋದವರ ಹೆಸರುಗಳನ್ನು ಒಂದೊಂದಾಗಿ ಎಣಿಸಿದನಂತೆ. ಮೀನಿನ ನಾತದ ಬೀದಿಗೆ ಈಗ ಪ್ರವಾಸಿಗಳು ಬರುತ್ತಿದ್ದರು. ಓಷನ್ ವ್ಯೂ ಅವೆನ್ಯೂ ಎಂಬ ಆ ಬೀದಿಗೆ 1958ರಲ್ಲಿ ಆತನ ಕಾದಂಬರಿಯ ಹೆಸರನ್ನೇ ಇಟ್ಟಿದ್ದರು. ಆತ ಬರೆದ ಲೋಕ ಹೆಸರುಹಲಗೆಯಾಗಿ ಉಳಿದಿತ್ತು. ಬಿಡುವ ಮುನ್ನ, ಸುಮಾರು ಮೂರು ಸಾವಿರ ಅಡಿ ಎತ್ತರದ ಫ್ರೀಮಾಂಟ್ ಶಿಖರವನ್ನೇರಿದ. ಒಂದು ಕಡೆ ಸಲಿನಾಸ್ ಕಣಿವೆ, ಇನ್ನೊಂದು ಕಡೆ ಕೊಲ್ಲಿ. ಸತ್ತಾಗ ತನ್ನನ್ನು ಇಲ್ಲೇ ಹುಗಿಯಬೇಕೆಂದು ಹುಡುಗನಾಗಿದ್ದಾಗ ಬಯಸಿದ್ದ ಜಾಗ ಅದು. ಎರಡೂ ಕಡೆಗೆ ಕಣ್ಣು ಹಾಯಿಸಿ, ಬೆನ್ನು ತಿರುಗಿಸಿ ಇಳಿದುಬಂದ.

ಅಲ್ಲಿಂದ ಮರಳುಗಾಡು, ಟೆಕ್ಸಸ್, ಕೊನೆಗೆ ನ್ಯೂ ಆರ್ಲಿಯನ್ಸ್. ಬಿಳಿಯರ ಶಾಲೆಗೆ ಕರಿಯ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂಬ ನ್ಯಾಯಾಲಯದ ಆಜ್ಞೆಯಂತೆ, 1960ರ ನವೆಂಬರ್ 14ರಿಂದ ಆರು ವರ್ಷದ ರೂಬಿ ಬ್ರಿಜಸ್ ಎಂಬ ಹುಡುಗಿ ವಿಲಿಯಂ ಫ್ರಾಂಟ್ಜ್ ಶಾಲೆಗೆ ಹೋಗುತ್ತಿದ್ದಳು. ಸುತ್ತ ಸರ್ಕಾರಿ ಕಾವಲು. ಬೀದಿಯಲ್ಲಿ ಗೃಹಿಣಿಯರು ನೆರೆದು, ಆ ಕೂಸನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ನೋಡಲು ಜನ ಜಾತ್ರೆಗೆ ಬಂದಂತೆ ಬರುತ್ತಿದ್ದರು. ಆ ದೃಶ್ಯವನ್ನು ವರ್ಣಿಸುವ ಪುಟಗಳಲ್ಲಿ ಹಳೆಯ ಸ್ಟೈನ್‌ಬೆಕ್‌ನ ಕಸು ಪೂರ್ತಿಯಾಗಿ ಮರಳಿದೆ. ಆ ಬಳಿಕ ಯಾತ್ರೆಯ ರುಚಿಯೇ ಹೋಯಿತು. ಸುಮಾರು ಹನ್ನೊಂದು ವಾರ, ಹತ್ತು ಸಾವಿರ ಮೈಲಿ ತಿರುಗಿ ಬಂದವನು ಕೊನೆಗೆ ತನ್ನ ನ್ಯೂಯಾರ್ಕಿನಲ್ಲೇ ದಾರಿ ತಪ್ಪಿ ನಿಂತುದಾಗಿ ಪುಸ್ತಕ ಮುಗಿಯುತ್ತದೆ.

ಸತ್ಯದ ಲೆಕ್ಕ

ಪುಸ್ತಕ ನಿಜವೃತ್ತಾಂತವೆಂದೇ 1962ರಲ್ಲಿ ಪ್ರಕಟವಾಗಿ ಲಕ್ಷಾಂತರ ಓದುಗರನ್ನು ಪಡೆಯಿತು. ಅದೇ ವರ್ಷ ನೊಬೆಲ್ ಪ್ರಶಸ್ತಿಯೂ ಬಂತು. 2010ರಲ್ಲಿ ಬಿಲ್ ಸ್ಟೈಗರ್‌ವಾಲ್ಡ್ ಎಂಬ ಪತ್ರಕರ್ತ ಅದೇ ದಾರಿಯಲ್ಲಿ ಮತ್ತೆ ಪಯಣಿಸಿ, ಪತ್ರಗಳನ್ನೂ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿರುವ ಹಸ್ತಪ್ರತಿಯನ್ನೂ ಪುಸ್ತಕದೊಡನೆ ಹೋಲಿಸಿ ನೋಡಿದ. ಗಾಲಿಮನೆಯಲ್ಲಿ ಒಂಟಿಯಾಗಿ ಕಳೆದ ರಾತ್ರಿಗಳು ಕೆಲವೇ. ಬಹುಪಾಲು ಹೋಟೆಲುಗಳಲ್ಲಿ, ವಸತಿಗೃಹಗಳಲ್ಲಿ, ನೆಂಟರಿಷ್ಟರ ಮನೆಗಳಲ್ಲಿ ಕಳೆದವು. ಭೇಟಿಯಾದರೆಂಬ ಕೆಲವರು ಕಲ್ಪಿತ ವ್ಯಕ್ತಿಗಳಿರಬಹುದೆಂಬ ಸಂದೇಹವೂ ಬಂತು. ಎಲ್ಲಕ್ಕಿಂತ ಮಿಗಿಲಾಗಿ, ಸಿಯಾಟಲ್‌ನಿಂದ ಮಾಂಟೆರೇವರೆಗಿನ ಆ ಇಡೀ ಕಡಲತೀರದ ಪಯಣದಲ್ಲಿ ಎಲೇನ್ ಪಕ್ಕದಲ್ಲೇ ಇದ್ದಳು. ಮೊದಲ ಹಸ್ತಪ್ರತಿಯಲ್ಲಿ ಅವಳಿದ್ದಾಳೆ; ಅಚ್ಚಾದ ಪುಸ್ತಕದ ಆ ಭಾಗದಲ್ಲಿ ನಾಯಿಯೊಂದೇ ಇದೆ. 2012ರ ಸುವರ್ಣ ಸಂಚಿಕೆಯ ಮುನ್ನುಡಿಯಲ್ಲಿ, ಇದನ್ನು ಅಕ್ಷರಶಃ ನಿಜವೆಂದು ತಿಳಿಯಬಾರದೆಂದು ಆತನ ಜೀವನ ಚರಿತ್ರೆಕಾರ ಜೇ ಪರೀನಿಯೇ ಓದುಗರನ್ನು ಎಚ್ಚರಿಸಬೇಕಾಯಿತು.

ಕವಿಗೆ ಕಲ್ಪನೆಯ ಹಕ್ಕಿದೆಯೆಂದು ಹೇಳಿ ಇದನ್ನು ಮುಚ್ಚಿಬಿಡುವುದು ಸುಲಭ. ಅದು ನ್ಯಾಯವಲ್ಲ. ಕಂಡೆನೆಂದು ಹೇಳಿದವನು ಕಂಡಿರಬೇಕು. ಓದುಗನು ಆ ಭರವಸೆಯ ಮೇಲೆಯೇ ಪುಸ್ತಕ ತೆರೆಯುತ್ತಾನೆ. 1960ರ ಅಮೆರಿಕದ ಸಾಮಾನ್ಯ ಜನ ಏನು ಯೋಚಿಸುತ್ತಿದ್ದರೆಂಬುದಕ್ಕೆ ಈ ಪುಸ್ತಕವನ್ನು ಸಾಕ್ಷಿಯಾಗಿ ಎತ್ತಿಕೊಳ್ಳುವ ವಿದ್ಯಾರ್ಥಿ ಎಚ್ಚರದಿಂದಿರಬೇಕು. ಇಲ್ಲಿ ಅಳತೆಗೋಲು ಹೊರಗಿನದಲ್ಲ. ಅದೇ ಲೇಖಕನ 1936ರ ಕೆಲಸವೇ ಅಳತೆಗೋಲು. ಅಂದು ಮಾಸಿದ ವ್ಯಾನಿನಲ್ಲಿ ಹೋದವನು ಬೇರೆಯವರ ಬಾಳನ್ನು ನೋಡಲು ಹೋದ. ಟಾಮ್ ಕಾಲಿನ್ಸ್‌ನಂಥವನ ದಾಖಲೆಗಳೊಡನೆ ಕಂಡದ್ದನ್ನು ತಾಳೆ ನೋಡಿದ. ಇಂದು ಸಜ್ಜಾದ ಗಾಡಿಯಲ್ಲಿ ಹೊರಟವನು ತನ್ನನ್ನೇ ಹುಡುಕಲು ಹೊರಟಿದ್ದ; ತಾನು ಇನ್ನೂ ಒಂಟಿಯಾಗಿ ದಾರಿ ಸವೆಸಬಲ್ಲ ಗಂಡಸೆಂದು ತನಗೆ ತಾನೇ ತೋರಿಸಿಕೊಳ್ಳಬೇಕಾಗಿತ್ತು. ಆ ಚಿತ್ರಕ್ಕೆ ಹೆಂಡತಿ ಅಡ್ಡಬಂದಳು, ಅಳಿಸಿದ. ಇಪ್ಪತ್ತು ವರ್ಷಗಳ ಹಿಂದೆ ದೋಣಿಯ ಕಥನದಿಂದ ಕ್ಯಾರಲ್ ಮರೆಯಾದಂತೆ, ರಸ್ತೆಯ ಕಥನದಿಂದ ಎಲೇನ್ ಮರೆಯಾದಳು. ಜೊತೆಯಲ್ಲಿ ನಡೆದವರನ್ನು ಬಿಟ್ಟು ಯಾತ್ರೆಯನ್ನು ಬರೆಯುವ ಈ ರೂಢಿಯನ್ನು ಆತನ ದೌರ್ಬಲ್ಯವೆಂದು ಕರೆಯಲು ಹಿಂಜರಿಯಬೇಕಾಗಿಲ್ಲ.

ಹಾಗಾದರೆ ಉಳಿದುದೇನು? ಮಾಂಟೆರೇಯ ವಿದಾಯ ಉಳಿಯಿತು. ಪಡಖಾನೆಯ ಸಂಭಾಷಣೆ ಕಲ್ಪಿತವಿರಲಿ, ಸತ್ತವರ ಹೆಸರುಗಳು ಕಲ್ಪಿತವಲ್ಲ. ಊರಿಗೆ ಮರಳಿದವನ ಪಾಲಿಗೆ ಆ ಊರು ಇಲ್ಲವಾಗಿರುವುದು, ಬದಲಾದದ್ದು ಊರೋ ತಾನೋ ಎಂದು ತಿಳಿಯದಿರುವುದು — ಇದನ್ನು ಆತ ಸುಳ್ಳು ಹೇಳಿ ಬರೆಯುವಂತಿರಲಿಲ್ಲ. 1945ರಿಂದ ಆತನ ಬಾಳಿನ ಪ್ರತಿಯೊಂದು ಘಟನೆಯೂ ಆ ಪುಟಗಳಿಗೆ ಸಾಕ್ಷಿ ನುಡಿಯುತ್ತದೆ. ದೇಶದ ಚರಿತ್ರೆಯೆಂದು ಓದಿದಾಗ ಕೈಕೊಡುವ ಪುಸ್ತಕ, ಮುಪ್ಪಿಗೆ ಕಾಲಿಟ್ಟ ಒಬ್ಬ ಮನುಷ್ಯನ ಆತ್ಮಕಥೆಯೆಂದು ಓದಿದಾಗ ಗಟ್ಟಿಯಾಗಿ ನಿಲ್ಲುತ್ತದೆ.

ಮುಂದಿನ ವರ್ಷಗಳು ಸುಖದವಲ್ಲ. ವಿಯೆಟ್ನಾಂ ಯುದ್ಧರಂಗಕ್ಕೆ ಹೋಗಿ ಬರೆದ ಲೇಖನಗಳಿಂದ ಹಳೆಯ ಅಭಿಮಾನಿಗಳನ್ನು ಕಳೆದುಕೊಂಡ. ಹೃದ್ರೋಗ ಬಲಿತು 1968ರ ಡಿಸೆಂಬರ್ 20ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ. ಚಿತಾಭಸ್ಮವನ್ನು ಎಲೇನ್ ಪಶ್ಚಿಮಕ್ಕೆ ಒಯ್ದಳು. ಮಾಂಟೆರೇಗೆ ದಕ್ಷಿಣದ ಪಾಯಿಂಟ್ ಲೋಬೋಸ್ ಎಂಬಲ್ಲಿ, ಅಲೆ ಬಡಿಯುವ ಬಂಡೆಯ ಮೇಲೆ ಮನೆಯವರು ನೆರೆದು ಪ್ರಾರ್ಥಿಸಿದರು. ಬಳಿಕ ಸಲಿನಾಸ್‌ನಲ್ಲಿ, ತಾಯಿಯ ಮನೆತನದ ಸಮಾಧಿಗಳ ನಡುವೆ ಭಸ್ಮಕ್ಕೆ ಎಡೆಯಾಯಿತು. ಪುಸ್ತಕದಲ್ಲಿ ಆ ದಾರಿಯನ್ನು ಒಬ್ಬನೇ ಸವೆಸಿದ್ದವನನ್ನು ಕೊನೆಗೆ ಆ ದಂಡೆಗೆ ತಂದು ಮುಟ್ಟಿಸಿದವಳು ಆಕೆಯೇ.

ಮಾಂಟೆರೇಯ ಮೀನು ಕಾರ್ಖಾನೆಯೊಂದರ ಜಾಗದಲ್ಲಿ 1984ರಿಂದ ದೊಡ್ಡ ಕಡಲ ಜೀವಿಗಳ ಸಂಗ್ರಹಾಲಯವಿದೆ. ಹಲವು ಸಲ ಮುಳುಗಿಯೂ ‘ವೆಸ್ಟರ್ನ್ ಫ್ಲೈಯರ್’ ದುರಸ್ತಿಗೊಂಡು ಮತ್ತೆ ನೀರಿಗಿಳಿದಿದೆ. ರೋಸಿನಾಂಟೆ, ಸಲಿನಾಸ್‌ನಲ್ಲಿ 1998ರಲ್ಲಿ ತೆರೆದ ಸ್ಟೈನ್‌ಬೆಕ್ ಕೇಂದ್ರದಲ್ಲಿ, ಆತ ಹುಟ್ಟಿದ ಮನೆಯಿಂದ ಕೂಗಳತೆಯಲ್ಲಿ ನಿಂತಿದೆ. ಅದರ ಹಾಸಿಗೆ ಇಬ್ಬರು ಮಲಗುವಷ್ಟು ಅಗಲವಾಗಿದೆ.